ಕೆರಿಬಿಯನ್ ದ್ವೀಪದ ಪುಟ್ಟ ಪತಂಗ ಹೊಸ ಪ್ರಭೇದ ಅಂತ ಹೇಗೆ ಗೊತ್ತಾಗುತ್ತದೆ?

ರೆಕ್ಕೆ ನೋಡಿ ಮಾತ್ರ ಹೇಳೋದು ಕಷ್ಟ. ಈ ಪತಂಗಗಳಲ್ಲಿ ಕೆಲವು ಅಕ್ಕಿಕಾಳಿಗಿಂತ ಚಿಕ್ಕವು. ದೀಪಕ್ಕೆ ಬಂದು ಬಡಿದುಕೊಳ್ಳುವಷ್ಟರಲ್ಲಿ ರೆಕ್ಕೆಯ ಪುಡಿ ಉದುರಿ, ಬಣ್ಣವೇ ಹೋಗಿರುತ್ತದೆ.

ಹಾಗಾಗಿ ನಿಜವಾದ ಪರೀಕ್ಷೆ ಹೊಟ್ಟೆಯ ತುದಿಯಲ್ಲಿ. ಹೊಟ್ಟೆಯನ್ನು ಬಿಡಿಸಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬಿಸಿ ಮಾಡುತ್ತಾರೆ. ಕೊಬ್ಬು, ಮಾಂಸ ಕರಗುತ್ತದೆ. ಗಟ್ಟಿಯಾದ ಜನನಾಂಗದ ಭಾಗಗಳು ಉಳಿಯುತ್ತವೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅವಳಿಗಳಂತೆ ಕಾಣುವ ಎರಡು ಪತಂಗಗಳ ಒಳಗೆ ಕೊಕ್ಕೆಯ ಆಕಾರ, ಮುಳ್ಳುಗಳ ಸಾಲು ಬೇರೆ ಬೇರೆ ಇರಬಹುದು. ಡಿಎನ್ಎ ಬಾರ್‌ಕೋಡನ್ನೂ ನೋಡುತ್ತಾರೆ. ಅದು ಪ್ರಭೇದ ಗುರುತಿಸಲು ಬಳಸುವ, ಸಿಒಐ ಎಂಬ ಜೀನಿನ ಸುಮಾರು 658 ಡಿಎನ್ಎ ಅಕ್ಷರಗಳ ತುಣುಕು. ಆದರೆ ಅದೊಂದನ್ನೇ ನಂಬಿ ಹೆಸರಿಡೋದು ನನಗೆ ಸರಿ ಅನ್ನಿಸಲ್ಲ.

ಜಾಸ್ತಿ ತಲೆನೋವು ಹಳೆಯ ಹೆಸರುಗಳದ್ದು. ಇಂಗ್ಲೆಂಡಿನ ಪತಂಗ ತಜ್ಞ ಲಾರ್ಡ್ ವಾಲ್ಸಿಂಗ್ಹಮ್ 1890ರ ದಶಕದಲ್ಲೇ ವೆಸ್ಟ್ ಇಂಡೀಸ್‌ನ ಪುಟ್ಟ ಪತಂಗಗಳನ್ನು ವಿವರಿಸಿದ್ದರು. ಅವರ ಸಂಗ್ರಹ ಲಂಡನ್ನಿನ ಮ್ಯೂಸಿಯಂ ಸೇರಿತು. ಕೆರಿಬಿಯನ್ ದ್ವೀಪ ಸೇಂಟ್ ಥಾಮಸ್‌ನಲ್ಲಿ ಸಿಕ್ಕಿದ್ದು ಹೊಸದು ಅನ್ನುವ ಮೊದಲು ಆ ಹಳೆಯ ಮಾದರಿಗಳ ಜೊತೆ ಹೋಲಿಸಲೇಬೇಕು. ಇಲ್ಲದಿದ್ದರೆ ಒಂದೇ ಪತಂಗಕ್ಕೆ ಎರಡು ಹೆಸರು! ಆಗ ಸಾಮಾನ್ಯವಾಗಿ ಮೊದಲು ಇಟ್ಟಿದ್ದೇ ಉಳಿಯುತ್ತದೆ. ಪಕ್ಕದ ದ್ವೀಪದ ಪತಂಗಗಳನ್ನೂ ನೋಡಬೇಕು ಅಲ್ವಾ, ಅಲ್ಲಿಂದ ಗಾಳಿಗೆ ತೇಲಿ ಬಂದಿರಬಹುದು.

ಎಲ್ಲ ಸರಿಯಾದರೆ ಒಂದು ಪತಂಗವನ್ನು ಹೋಲೋಟೈಪ್, ಅಂದರೆ ಆ ಹೆಸರಿನ ಮೂಲ ಮಾದರಿ, ಎಂದು ಆರಿಸುತ್ತಾರೆ. ಅದನ್ನು ಇಟ್ಟಿರುವ ಮ್ಯೂಸಿಯಂ ಯಾವುದು ಅಂತಲೂ ತಿಳಿಸಿ, ವಿವರಣೆ ಪ್ರಕಟಿಸುತ್ತಾರೆ. ಆಮೇಲೆ ಆ ಹೆಸರು ಆ ಒಂದು ಪಿನ್ನಿಗೆ ಚುಚ್ಚಿದ ಪತಂಗಕ್ಕೇ ಅಂಟಿಕೊಂಡಿರುತ್ತದೆ.