ಮೊದಲು ಸಮಿತಿ ಬಿಡಿ, ಮೊಬೈಲಿನ ಮಾತು ಆಮೇಲೆ

ಕಚೇರಿ, ಮೊಬೈಲ್, ಗೆಳೆಯರ ಮನೆಯ ಮದುವೆ, ತಾಯಿಯ ದವಾಖಾನೆ ಓಡಾಟ ಎಲ್ಲವೂ ಸುಗ್ಗಿ ಹಬ್ಬದ ಸಮಿತಿ, ಗಾಯಕವೃಂದ ಎಂಬ ಚರ್ಚಿನ ಸಭೆಯ ಕೆಲಸಕ್ಕೆ ಅಡ್ಡ ಬರುತ್ತಿವೆ, ದೇವರಿಗೆ ಮೊದಲ ಸ್ಥಾನ ಕೊಡಲು ಯಾವುದನ್ನು ಬಿಡಲಿ ಎಂದು ಕೇಳಿದ್ದೀರಿ. ಹೀಗೆಯೇ ಪಟ್ಟಿ ಮಾಡಿಕೊಂಡಿದ್ದವನು ನಾನು.

ನಮ್ಮದು ಗುಳೇದಗುಡ್ಡ. 1851ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಅಲ್ಲಿ ನೆಲೆಯೂರಿದ ಮೇಲೆ ಕ್ರೈಸ್ತರಾದ ನೇಕಾರ ಮನೆತನ. ಅಪ್ಪ ಕುಣಿಮಗ್ಗದಲ್ಲಿ ರವಿಕೆಯ ಖಣ ನೇಯುತ್ತಿದ್ದರು. ಕಣ್ಣು ಮಂಜಾದಾಗ ಮಗ್ಗ ನಿಂತಿತು, ಬೈಬಲ್ ಓದುವುದೂ ನಿಂತಿತು. ನೌಕರಿಗೆಂದು ಬಾಗಲಕೋಟೆಯ ನವನಗರ ಸೇರಿದ್ದ ನನ್ನನ್ನು ಅವರು ಕೇಳಿದ್ದು ಒಂದೇ: ಭಾನುವಾರ ಸಂಜೆ ಬಂದು ಬೈಬಲಿನ ಒಂದೆರಡು ಕೀರ್ತನೆ ಓದಿ ಹೋಗು.

ನಾನು ಹೋಗಲಿಲ್ಲ. ಸೋಮಾರಿಯಾಗಿದ್ದೆ ಎಂದುಕೊಳ್ಳಬೇಡಿ, ಬಹಳ ಭಕ್ತನಾಗಿದ್ದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆರಾಧನೆಯ ನಂತರ ಕಾಣಿಕೆ ಎಣಿಸಲು ಯಾರೂ ಇಲ್ಲವೆಂದು ಕುಳಿತೆ. ಎಣಿಸಿದವನೇ ಲೆಕ್ಕ ಬರೆಯಲಿ ಎಂದರು, ಬರೆದೆ. ಲೆಕ್ಕ ಬಲ್ಲವನೇ ಕಾರ್ಯದರ್ಶಿಯಾಗಲಿ ಎಂದರು, ಆದೆ. ಕಾರ್ಯದರ್ಶಿಯಾದ ಮೇಲೆ ಕಾಂಪೌಂಡ್ ಗೋಡೆ, ಸುಗ್ಗಿ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ಬೆಳೆಯ ಹರಾಜು, ಕ್ರಿಸ್ಮಸ್ ಪೆಂಡಾಲು ಎಲ್ಲವೂ ನನ್ನ ತಲೆಗೇ ಬಂದವು. ಪ್ರತಿಯೊಂದೂ ಚಿಕ್ಕ ಕೆಲಸ, ಪ್ರತಿಯೊಂದೂ ದೇವರ ಕೆಲಸ, ಇಲ್ಲ ಎನ್ನುವುದು ಹೇಗೆ? ಜೊತೆಗೆ, ಪ್ರಕಟಣೆಯ ಹೊತ್ತಿನಲ್ಲಿ ನನ್ನ ಹೆಸರು ಕೇಳುವುದು ಹಿತವಾಗಿಯೂ ಇತ್ತು. ಸಭಾಪಾಲಕರು ಪ್ರಸಂಗ ಮಾಡುವಾಗ ನಾನು ಪೆಂಡಾಲಿನವನಿಗೆ ಕೊಟ್ಟ ಮುಂಗಡದ ಲೆಕ್ಕ ಹಾಕುತ್ತಿದ್ದೆ. ಮೊಬೈಲ್ ಜೇಬಿನಲ್ಲೇ ಇರುತ್ತಿತ್ತು, ಪ್ರಸಂಗ ಮಾತ್ರ ಕಿವಿಗೆ ಬೀಳುತ್ತಿರಲಿಲ್ಲ.

ಕೊನೆಗೊಮ್ಮೆ ಊರಿಗೆ ಹೋದರೆ, ಪಕ್ಕದ ಮನೆಯ ಲಿಂಗಾಯತ ನೇಕಾರರ ಹುಡುಗ ಅಪ್ಪನ ಮುಂದೆ ಕುಳಿತು ಶಾಲೆಯ ಪಾಠದಂತೆ ಗಟ್ಟಿಯಾಗಿ ಕೀರ್ತನೆ ಓದುತ್ತಿದ್ದ. ತಡವರಿಸಿದಲ್ಲಿ ಅಪ್ಪ ಮುಂದಿನ ಪದವನ್ನು ಹೇಳಿಕೊಡುತ್ತಿದ್ದರು. "ಇವನು ದಿನಾ ಬರುತ್ತಾನೆ, ನಿನಗೆ ಸಭೆಯ ಕೆಲಸ ಇರುತ್ತದೆ, ಹೊರಡು" ಎಂದರು. ಸಿಟ್ಟೇನೂ ಇರಲಿಲ್ಲ, ಅದೇ ಕಷ್ಟವಾಯಿತು. ಆಮೇಲೆ ಹುದ್ದೆಗಳನ್ನೆಲ್ಲ ಬಿಟ್ಟು ಪ್ರತಿವಾರ ಹೋದೆ. ಅಪ್ಪ ಕೇಳಿಸಿಕೊಳ್ಳುತ್ತಿದ್ದರು, ಆದರೆ ಓದು ಎಂದು ಅವರಾಗಿ ಮತ್ತೆಂದೂ ಕೇಳಲಿಲ್ಲ.

ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯವನ್ನು ನಾನೇ ಭಾನುವಾರದ ಶಾಲೆಯ ಮಕ್ಕಳಿಗೆ ಕಲಿಸಿದ್ದೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮುಡಿಪು ಎಂದು ಹೇಳಿ ಜಾರಿಕೊಳ್ಳುವವರನ್ನು ಯೇಸು ಅಲ್ಲಿ ಗದರಿಸುತ್ತಾನೆ. ಅದು ಆ ಕಾಲದ ಯೆಹೂದಿ ಸಂಪ್ರದಾಯನಿಷ್ಠರಾದ ಫರಿಸಾಯರ ಪಾಡು ಎಂದುಕೊಂಡಿದ್ದೆ. ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಯೇಸುವನ್ನು ಮನೆಗೆ ಬರಮಾಡಿಕೊಂಡ ಮಾರ್ಥಳನ್ನಾದರೂ ನೋಡಿ. ಅವಳ ಗಮನ ಚೆದುರಿದ್ದು ಸಂತೆಯಿಂದಲ್ಲ, ಹರಟೆಯಿಂದಲ್ಲ, ಕರ್ತನಿಗೆಂದೇ ನಡೆಸಿದ್ದ ಉಪಚಾರದಿಂದ. ಈ ಭಾಗದ ಮೇಲೆ ಪ್ರಸಂಗ ಮಾಡುವವರು ಅಡುಗೆಮನೆಯ ಹೆಂಗಸರತ್ತ ಬೆರಳು ತೋರಿಸುತ್ತಾರೆ, ಸಮಿತಿಯ ಗಂಡಸರತ್ತ ತೋರಿಸಿದ್ದನ್ನು ನಾನು ಕಂಡಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಂಬಿಕೆ ಬೇರೆ, ಸಭೆಯ ಹುದ್ದೆ ಬೇರೆ. ಎರಡನ್ನೂ ಒಂದೆಂದು ತಿಳಿದು ಹೆತ್ತ ತಾಯಿಯನ್ನು ಅಡ್ಡಿಗಳ ಸಾಲಿಗೆ ಸೇರಿಸಿದ್ದೀರಿ. ಭಾನುವಾರದ ಆರಾಧನೆ ತಪ್ಪಿಸಬೇಡಿ, ಅದರಲ್ಲಿ ರಾಜಿ ಇಲ್ಲ. ಕೂಡಿಬರುವುದನ್ನು ಬಿಡಬೇಡಿ ಎಂದು ಇಬ್ರಿಯರಿಗೆ ಬರೆದ ಪತ್ರದ 10ನೆಯ ಅಧ್ಯಾಯ ಹೇಳುತ್ತದೆ, ಸಮಿತಿಗಳ ಬಗ್ಗೆ ಏನೂ ಹೇಳುವುದಿಲ್ಲ. ರಾತ್ರಿ ಊಟಕ್ಕೆ ಮೊದಲು ಮನೆಪ್ರಾರ್ಥನೆ ಇರಲಿ, ತಾಯಿಯ ಜೊತೆಗೇ. ದನಿ ಚೆನ್ನಾಗಿದ್ದರೆ ಗಾಯಕವೃಂದ ಉಳಿಸಿಕೊಳ್ಳಿ. ಸುಗ್ಗಿ ಹಬ್ಬದ ಸಮಿತಿ ಬಿಟ್ಟುಬಿಡಿ, ಹರಾಜಿನಲ್ಲಿ ಒಂದು ಕುಂಬಳಕಾಯಿ ಕೊಂಡರೆ ಸಾಕು. ಮೊಬೈಲಿಗೆ ಇಷ್ಟು ಹೆದರುವ ಅಗತ್ಯವಿಲ್ಲ, ದೇವಾಲಯಕ್ಕೆ ಹೋಗುವಾಗ ಮನೆಯಲ್ಲಿಟ್ಟು ಹೋಗಿ.

ಸಮಿತಿ ಬಿಟ್ಟರೆ ಸಭಾಪಾಲಕರು ಒಂದು ವಾರ ಬೇಸರಪಟ್ಟುಕೊಂಡು ಇನ್ನೊಬ್ಬರನ್ನು ಹುಡುಕುತ್ತಾರೆ. ನನ್ನ ಜಾಗಕ್ಕೂ ಹಾಗೆಯೇ ಹುಡುಕಿದರು. ಹಾಡಿನ ಅಭ್ಯಾಸವೂ ದವಾಖಾನೆಯೂ ಒಂದೇ ಹೊತ್ತಿಗೆ ಬಂದರೆ ದವಾಖಾನೆಗೆ ಹೋಗಿ, ಅಭ್ಯಾಸಕ್ಕೆ ಬರುವುದಿಲ್ಲವೆಂದು ಹಿಂದಿನ ದಿನವೇ ತಿಳಿಸಿಬಿಡಿ.