ದೋಣಿಯ ಮರಗೆಲಸಕ್ಕೆ ಯಾವ ಗಟ್ಟಿಮರ ಒಳ್ಳೆಯದು? ಓಕ್ ಆದೀತೇ?

ಆದೀತು, ಆದರೆ ಯಾವ ಓಕ್ ಅನ್ನೋದು ಮುಖ್ಯ. ಬಿಳಿ ಓಕ್‌ನ ರಂಧ್ರಗಳು ಒಳಗೇ ಮುಚ್ಚಿಕೊಂಡಿರುತ್ತವೆ, ನೀರು ಸುಲಭಕ್ಕೆ ಇಳಿಯುವುದಿಲ್ಲ. ಕೆಂಪು ಓಕ್ ಹಾಗಲ್ಲ. ಅನುಮಾನವಿದ್ದರೆ, ಉದ್ದಕ್ಕೆ ಸೀಳಿದ ಸಣ್ಣ ತುಂಡಿನ ಒಂದು ತುದಿಯನ್ನು ನೀರಲ್ಲಿ ಅದ್ದಿ, ಇನ್ನೊಂದು ತುದಿಗೆ ಬಾಯಿಟ್ಟು ಊದಿ. ಗುಳ್ಳೆ ಎದ್ದರೆ ಬಹುತೇಕ ಕೆಂಪು ಓಕೇ. ಅದನ್ನು ಮನೆಯ ಕುರ್ಚಿ-ಮೇಜಿಗೆ ಇಟ್ಟುಕೊಳ್ಳಿ.

ಓಕ್‌ಗೆ ಕಬ್ಬಿಣದ ಮೊಳೆ ಹೊಡೆಯಬೇಡಿ. ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ತೇವದಲ್ಲಿ ಕಬ್ಬಿಣದ ಜೊತೆ ಸೇರಿ ಶಾಯಿಯಂಥ ಕಪ್ಪು ಕಲೆ ಬಿಡುತ್ತದೆ, ಮೊಳೆಯೂ ತಿಂದುಹೋಗುತ್ತದೆ. ಸಿಲಿಕಾನ್ ಬ್ರಾಂಜ್ (ತಾಮ್ರದ ಮಿಶ್ರಲೋಹ) ಸ್ಕ್ರೂ ದುಬಾರಿ, ಆದರೂ ಅದೇ ಸರಿ.

ಬಿಸಿಲು-ಮಳೆಗೆ ಒಡ್ಡಿದ ಡೆಕ್ಕಿಗೆ ತೇಗವೇ ನನ್ನ ಆಯ್ಕೆ. ಅದರ ಎಣ್ಣೆಯಂಶವೇ ಕಾವಲು, ಅದೇ ತಲೆನೋವೂ ಹೌದು: ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅಸಿಟೋನ್ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ ಎಪಾಕ್ಸಿ ಅಂಟು ಹಚ್ಚಿ. ಊಟ ಮುಗಿಸಿ ಬಂದು ಅಂಟಿಸ್ತೀನಿ ಅಂದರೆ ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ. ತೇಗದಲ್ಲಿ ಸಿಲಿಕಾ (ಮರಳಿನಂಥ ಗಟ್ಟಿ ಅಂಶ) ಇರುವುದರಿಂದ ಕೀಸುಳಿ ಬೇಗ ಮೊಂಡಾಗುತ್ತದೆ. ಸಾಣೆಕಲ್ಲು ಪಕ್ಕದಲ್ಲೇ ಇರಲಿ.

ವಾರ್ನಿಶ್ ಹೊಳಪು ಬೇಕಾದ ಒಳಾಂಗಣಕ್ಕೆ ಮಹಾಗನಿ. ಹೆಚ್ಚು ಸೊಟ್ಟಗಾಗದು, ಉಳಿಗೂ ಸಲೀಸು. ಆ್ಯಶ್ ಮರ ಚೆನ್ನಾಗಿ ಬಾಗುತ್ತದೆ, ದೋಣಿ ನಡೆಸುವ ಹುಟ್ಟಿಗೆ ಸೊಗಸು, ಆದರೆ ತೇವದಲ್ಲಿ ಬೇಗ ಕೊಳೆಯುತ್ತದೆ.

ದೋಣಿಯ ಪಕ್ಕೆಲುಬು (ಒಡಲಿಗೆ ಆಧಾರವಾಗುವ ಬಾಗಿದ ಪಟ್ಟಿ) ಬಗ್ಗಿಸುವುದಾದರೆ ಬಿಸಿ ಗೂಡಿನಲ್ಲಿ ಒಣಗಿಸಿದ ಓಕ್ ಬೇಡ, ಹಸಿಯಾಗಿರುವುದನ್ನೇ ತನ್ನಿ. ಅಂಗುಲ ದಪ್ಪಕ್ಕೆ ಸುಮಾರು 1 ಗಂಟೆ ಹಬೆ ಸಾಕು. ಹೊರತೆಗೆದ ಮೇಲೆ ಅರೆನಿಮಿಷದೊಳಗೆ ಬಗ್ಗಿಸಿ ಬಿಗಿಯಬೇಕು, ಹಾಗಾಗಿ ಕ್ಲ್ಯಾಂಪುಗಳನ್ನು ಮೊದಲೇ ತೆರೆದಿಟ್ಟಿರಿ.