ನಂಬಿಕೆಗೆ ಎಷ್ಟು ಮಾರ್ಕು, ಮೇಡಂ?

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯೋಕೆ ಅವರ ಒಪ್ಪಿಗೆ ಇದೆ.)

ಅವರನ್ನು 'ಕ' ಅಂತ ಕರೆಯೋಣ. ವಯಸ್ಸು ಮೂವತ್ತೈದರ ಆಸುಪಾಸು. ಕ್ರೈಸ್ತ ಆಡಳಿತದ ಕಾಲೇಜೊಂದರಲ್ಲಿ ಅಕೌಂಟಿಂಗ್ ಮತ್ತು ಬಿಸಿನೆಸ್ ಎಥಿಕ್ಸ್ ಕಲಿಸುತ್ತಾರೆ. ನಿದ್ದೆ ಬರ್ತಿಲ್ಲ ಅಂತ ನನ್ನ ಹತ್ತಿರ ಆಪ್ತ ಸಲಹೆಗೆ ಬಂದರು. ಭಾನುವಾರ ಸಂಜೆಯಾದರೆ ಸಾಕು, ಹೊಟ್ಟೆಯಲ್ಲಿ ಸಂಕಟ. ಮೊದಲ ಮುಕ್ಕಾಲು ಗಂಟೆ ಕೆಲಸದ ಒತ್ತಡ, ತಿದ್ದಬೇಕಾದ ಪೇಪರು, ಇದೇ ಮಾತು. ಹೊರಡುವಾಗ ಬ್ಯಾಗಿನಿಂದ ಒಂದು ಅಸೈನ್‌ಮೆಂಟ್ ಹಾಳೆ ತೆಗೆದು ಮೇಜಿನ ಮೇಲಿಟ್ಟರು. (ನಿಜವಾದ ವಿಷಯ ಹೊರಬರೋದು ಸಾಮಾನ್ಯವಾಗಿ ಎದ್ದು ಹೊರಡುವ ಹೊತ್ತಿಗೇ.) ಹತ್ತಕ್ಕೆ ನಾಲ್ಕು ಅಂತ ಅವರೇ ಕೊಟ್ಟಿದ್ದರು. ಅದರ ಪಕ್ಕದಲ್ಲಿ ವಿದ್ಯಾರ್ಥಿನಿ ಪೆನ್ಸಿಲಿನಲ್ಲಿ ಬರೆದು ಹಾಳೆ ವಾಪಸ್ ಕೊಟ್ಟಿದ್ದಳು: 'ನಂಬಿಕೆಗೆ ಎಷ್ಟು ಮಾರ್ಕು, ಮೇಡಂ?'

ಮುಂದಿನ ಭೇಟಿಯಲ್ಲಿ ಕಥೆ ಗೊತ್ತಾಯಿತು. ಕಾಲೇಜಿನವರು ಎಲ್ಲ ವಿಷಯಗಳ ಲೆಸನ್ ಪ್ಲಾನಿಗೂ ಒಂದು ಹೊಸ ಕಾಲಂ ಸೇರಿಸಿದ್ದರು: ಈ ಪಾಠವನ್ನು ಕ್ರೈಸ್ತ ನಂಬಿಕೆಗೆ ಹೇಗೆ ಜೋಡಿಸುತ್ತೀರಿ? ಜೋಡಿಸೋದು ಹೇಗೆ ಅಂತ ಯಾರೂ ಹೇಳಿಕೊಡಲಿಲ್ಲ. 'ಕ' ಮನಸಾರೆ ನಂಬುವವರು, ಖುಷಿಯಿಂದಲೇ ಶುರುಮಾಡಿದರು. ಡಿಪ್ರಿಸಿಯೇಷನ್ (ಆಸ್ತಿಯ ಬೆಲೆ ವರ್ಷ ವರ್ಷ ಸವೆಯುವ ಲೆಕ್ಕ) ಪಾಠಕ್ಕೆ, ಭೂಮಿಯ ಮೇಲೆ ಕೂಡಿಟ್ಟದ್ದನ್ನು ನುಸಿ ಮತ್ತು ತುಕ್ಕು ತಿನ್ನುತ್ತವೆ ಅನ್ನುವ ಬೈಬಲಿನ ಮತ್ತಾಯ 6ರ ವಾಕ್ಯ. ಸ್ಟಾಕ್ (ಸರಕಿನ ದಾಸ್ತಾನು) ಪಾಠಕ್ಕೆ ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟ ಲೂಕ 12ರ ಐಶ್ವರ್ಯವಂತ. ಹೇಳುತ್ತಾ ಅವರಿಗೇ ನಗು ಬಂತು, ನನಗೂ ಬಂತು. ಕಾಲಂ ತುಂಬುತ್ತಿತ್ತು, ಪಾಠ ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು.

ಆಮೇಲೆ ಆ ಅಸೈನ್‌ಮೆಂಟ್. 'ಪ್ರಾಮಾಣಿಕ ವ್ಯಾಪಾರವನ್ನು ದೇವರು ಆಶೀರ್ವದಿಸುತ್ತಾನೆ, ವಿವರಿಸಿ.' ಒಬ್ಬ ಹುಡುಗ ಬೈಬಲಿನ ನಾಲ್ಕು ವಾಕ್ಯ ಸಾಲಾಗಿ ಇಳಿಸಿದ, ಒಂಬತ್ತು ಸಿಕ್ಕಿತು. ಈ ಹುಡುಗಿ, ನನಗೆ ದೇವರಲ್ಲಿ ನಂಬಿಕೆ ಇಲ್ಲ, ನೇರವಾಗಿ ನಡೆದವರು ಮುಳುಗಿದ್ದನ್ನೂ ಮೋಸ ಮಾಡಿದವರು ಬೆಳೆದದ್ದನ್ನೂ ಕಂಡಿದ್ದೇನೆ, ನಷ್ಟವಾದರೂ ಮೋಸ ಮಾಡಬಾರದು ಅನ್ನೋದಕ್ಕೆ ಬೇರೆ ಕಾರಣ ಬೇಕು ಅಂತ ಬರೆದು ಆ ಕಾರಣವನ್ನು ಒಂದೂವರೆ ಪುಟ ಹುಡುಕಿದ್ದಳು. ನಾಲ್ಕು ಸಿಕ್ಕಿತು.

"ಅವಳದ್ದೇ ಚೆನ್ನಾಗಿದೆ. ಮಾರ್ಕು ಹಾಕುವಾಗಲೂ ನನಗೆ ಗೊತ್ತಿತ್ತು" ಅಂದರು.

ಹಾಗಾದರೆ ನಾಲ್ಕು ಯಾಕೆ? ಇದಕ್ಕೆ ಉತ್ತರ ಬರಲು ಇನ್ನೊಂದು ಭೇಟಿ ಬೇಕಾಯಿತು. ಅವರ ಅಪ್ಪ ಚರ್ಚಿನ ಸಭೆಯ ಹಿರಿಯರು, ಸ್ವಂತ ವ್ಯಾಪಾರ ಇತ್ತು. ಭಾನುವಾರ ಮುಂದೆ ನಿಂತು ಪ್ರಾರ್ಥನೆ ಮಾಡುತ್ತಿದ್ದರು, ದಶಮಾಂಶ (ಆದಾಯದ ಹತ್ತನೇ ಒಂದು ಪಾಲಿನ ಕಾಣಿಕೆ) ಒಂದು ಸಲವೂ ತಪ್ಪಿಸಲಿಲ್ಲ, ಕೆಲಸದವರ ಕೂಲಿ ಮಾತ್ರ ತಿಂಗಳುಗಟ್ಟಲೆ ಬಾಕಿ. ಕೂಲಿ ಕೇಳಲು ಬಂದವರಿಗೆ 'ಅಪ್ಪ ಮನೇಲಿಲ್ಲ' ಅಂತ ಬಾಗಿಲಲ್ಲಿ ನಿಂತು ಹೇಳುತ್ತಿದ್ದದ್ದು ಹತ್ತು ವರ್ಷದ ಇವರೇ. ವ್ಯಾಪಾರ ಚೆನ್ನಾಗೇ ಬೆಳೆಯಿತು. ಅದೇ ದುಡ್ಡಿನಲ್ಲಿ ಇವರು ಓದಿದರು. ಆ ಹುಡುಗಿಯ ಹಾಳೆ ಓದುವಾಗ ತಮ್ಮ ಮನೆಯ ಕಥೆಯನ್ನೇ ಯಾರೋ ಹೇಳಿದ ಹಾಗಾಗಿ ಸಿಟ್ಟು ಬಂತಂತೆ. ಆ ಸಿಟ್ಟು ಕೆಂಪು ಪೆನ್ನಿಗೆ ಹೋಯಿತು.

ಮೊದಲು ಮಾರ್ಕಿನ ವಿಷಯ ಮುಗಿಸೋಣ ಅಂದೆ. ನಂಬಿಕೆಗೆ ಮಾರ್ಕು ಕೊಡೋಕೆ ಆಗೋದೇ ಇಲ್ಲ. ಹಾಳೆಯ ಮೇಲೆ ಕಾಣೋದು ನಂಬಿಕೆಯ ಮಾತು ಅಷ್ಟೇ, ಅದನ್ನು ಮಾರ್ಕಿಗಾಗಿ ಯಾರು ಬೇಕಾದರೂ ಬರೀತಾರೆ. ನೀವು ಕಲಿಸಿದ್ದು ನಟನೆ ಅಂತಲೂ ಅಂದುಬಿಟ್ಟೆ, ಸ್ವಲ್ಪ ಜಾಸ್ತಿಯೇ ಆಯ್ತು. ಕಂಪನಿಯ ಸಾಮಾಜಿಕ ಜವಾಬ್ದಾರಿ ಅಂದರೆ ಲಾಭ ಹೆಚ್ಚಿಸೋದು ಅಂತ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ಬರೆದದ್ದನ್ನು ಇವರು ಪ್ರತಿ ವರ್ಷ ಕಲಿಸುತ್ತಾರೆ. ಅದನ್ನು ಒಪ್ಪದವರಿಗೂ ಮಾರ್ಕು ಕೊಡುತ್ತಾರೆ, ವಾದ ಅರ್ಥವಾಗಿದೆಯಾ, ತೂಗಿ ನೋಡಿದ್ದಾರಾ ಅಂತ ಮಾತ್ರ ನೋಡುತ್ತಾರೆ. ಬೈಬಲಿನ ಮಾತಿಗೂ ಅದೇ ಅಳತೆ ಸಾಕಲ್ವಾ?

ನಾನು ಬೈಬಲ್ ಪಂಡಿತನಲ್ಲ. ಆದರೆ ನನಗೆ ಕಂಡದ್ದು ಇಷ್ಟು: ಇವರು ವಾಕ್ಯ ಹೇಳಿ ಚರ್ಚೆ ಮುಚ್ಚುತ್ತಿದ್ದರು, ವಾಕ್ಯದಿಂದ ಚರ್ಚೆ ಶುರುಮಾಡಬಹುದಿತ್ತು. ಮತ್ತಾಯ 20ರ ದ್ರಾಕ್ಷಿತೋಟವನ್ನೇ ತೆಗೆದುಕೊಳ್ಳಿ. ಬೆಳಗಿನಿಂದ ದುಡಿದವರಿಗೂ ಕೊನೆಯ ಗಂಟೆಗೆ ಬಂದವರಿಗೂ ಯಜಮಾನ ಒಂದೇ ಕೂಲಿ ಕೊಡುತ್ತಾನೆ. ಮ್ಯಾನೇಜರಾಗಿ ನೀವು ಹೀಗೆ ಮಾಡುತ್ತೀರಾ? ಮಾಡಿದರೆ ನಾಳೆ ಬೆಳಗ್ಗೆ ಕೆಲಸಕ್ಕೆ ಯಾರು ಬರುತ್ತಾರೆ? ಕೂಲಿ ಕೊಡಬೇಕಾದ್ದು ಕೆಲಸದ ಲೆಕ್ಕಕ್ಕೋ, ಮನೆ ನಡೆಯುವ ಲೆಕ್ಕಕ್ಕೋ? ದೇವರನ್ನು ನಂಬದ ಹುಡುಗಿಯೂ ಇದಕ್ಕೆ ಜಗಳಕ್ಕೆ ನಿಲ್ಲುತ್ತಾಳೆ. ಇನ್ನೊಂದು, ತಲಾಂತುಗಳ ಸಾಮ್ಯ (ಯಜಮಾನ ಊರು ಬಿಡುವಾಗ ಆಳುಗಳ ಕೈಗೆ ಹಣ ಒಪ್ಪಿಸಿದ ಕಥೆ). ಒಂದು ತಲಾಂತು ಅಂದರೆ ಕೂಲಿಯವನ ಸುಮಾರು 20 ವರ್ಷದ ದುಡಿಮೆ. ಅದನ್ನು ಹೂತಿಟ್ಟವನಿಗೆ, ಕನಿಷ್ಠ ಬಡ್ಡಿಗಾದರೂ ಕೊಡಬೇಕಿತ್ತು ಅಂತ ಯಜಮಾನ ಗದರುತ್ತಾನೆ. ವಿಮೋಚನಕಾಂಡ 22 ಬಡವನಿಗೆ ಸಾಲ ಕೊಟ್ಟರೆ ಬಡ್ಡಿ ಕೇಳಬೇಡ ಅನ್ನುತ್ತದೆ. ಎರಡನ್ನೂ ಒಂದೇ ದಿನ ಬೋರ್ಡಿನ ಮೇಲೆ ಬರೆಯಿರಿ, ಕ್ಲಾಸು ತಾನೇ ನಡೆಯುತ್ತದೆ ಅಂದೆ.

ಇಲ್ಲಿಂದ ಅವರೇ ಮಾತಾಡತೊಡಗಿದರು. ಡಬಲ್ ಎಂಟ್ರಿ ಲೆಕ್ಕವನ್ನು (ಪ್ರತಿ ವ್ಯವಹಾರವನ್ನೂ ಜಮಾ, ಖರ್ಚು ಎರಡೂ ಕಡೆ ಬರೆಯುವ ಪದ್ಧತಿ) 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿ ವಿವರಿಸಿದ ಲೂಕಾ ಪಾಚೊಲಿ ಫ್ರಾನ್ಸಿಸ್ಕನ್ ಸನ್ಯಾಸಿ ಅನ್ನೋದು ನನಗೆ ಗೊತ್ತಿರಲಿಲ್ಲ. ಲೆಕ್ಕದ ಪುಸ್ತಕವನ್ನು ದೇವರ ಹೆಸರಿನಲ್ಲಿ ಶುರುಮಾಡಿ ಅಂತ ಅವನು ಹೇಳಿದ್ದನಂತೆ. ಅದೇ ಮನುಷ್ಯ, ಎಷ್ಟೋ ವ್ಯಾಪಾರಿಗಳು ಎರಡು ಲೆಕ್ಕ ಇಟ್ಟು ಒಂದನ್ನು ಕೊಳ್ಳುವವನಿಗೆ, ಇನ್ನೊಂದನ್ನು ಮಾರುವವನಿಗೆ ತೋರಿಸುತ್ತಾರೆ ಅಂತಲೂ ಬೇಸರದಿಂದ ಬರೆದಿದ್ದಾನೆ. ಇದನ್ನು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು. "ಮೇಲೆ ದೇವರ ಹೆಸರು, ಕೆಳಗೆ ಸುಳ್ಳು ಲೆಕ್ಕ. ನಮ್ಮಪ್ಪ."

ಆ ಹುಡುಗಿಯ ಹಾಳೆಯ ಮಾತು ಬೈಬಲಿಗೆ ಹೊಸದೇನಲ್ಲ ಅಂತ ಆಗ ನೆನಪಿಸಿದೆ. ದುಷ್ಟರು ಯಾಕೆ ಸುಖವಾಗಿದ್ದಾರೆ, ನಾನು ಕೈ ಶುದ್ಧವಾಗಿಟ್ಟುಕೊಂಡದ್ದು ವ್ಯರ್ಥವೇ ಅಂತ ಕೀರ್ತನೆ 73 ಗೋಳಾಡುತ್ತದೆ. ಯಾಕೋಬ 5ರಲ್ಲಿ ತಡೆಹಿಡಿದ ಕೂಲಿ ಕೂಗುತ್ತದೆ. ಇಂಥ ಭಾಗಗಳನ್ನು ಬಿಟ್ಟು ಬರೀ ಆಶೀರ್ವಾದದ ವಾಕ್ಯ ಆರಿಸಿದ್ದು ಯಾಕೆ ಅಂತ ಕೇಳಿದೆ. ಉತ್ತರ ಕೊಡಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಮಾಡಬೇಕಾದ ಕೆಲಸಗಳನ್ನು ಇಬ್ಬರೂ ಕೂತು ಮಾತಾಡಿದೆವು. ಆ ಹುಡುಗಿಯದ್ದೊಂದೇ ಅಲ್ಲ, ಇಡೀ ಕ್ಲಾಸಿನ ಹಾಳೆ ಮತ್ತೆ ತಿದ್ದಬೇಕು. ಅಳತೆ ಏನು ಅಂತ ಮೊದಲೇ ಬರೆದು ತೋರಿಸಬೇಕು. ಅವಳ ಹತ್ತಿರ ಕ್ಷಮೆ ಕೇಳಬೇಕು, ಆದರೆ ಅಪ್ಪನ ಕಥೆ ಹೇಳಬಾರದು, ಅದನ್ನು ಹೊರುವುದು ವಿದ್ಯಾರ್ಥಿಯ ಕೆಲಸ ಅಲ್ಲ. ಪ್ರಾರ್ಥನೆ ಬೇಕಾದವರು ಕ್ಲಾಸಿಗೆ ಮುಂಚೆ ಐದು ನಿಮಿಷ ಸೇರಲಿ, ಹಾಜರಿ ಆಮೇಲೆ. ಪ್ರಿನ್ಸಿಪಾಲರ ಹತ್ತಿರ 'ನನ್ನಿಂದ ಆಗಲ್ಲ' ಅಂತ ಹೋಗಬೇಡಿ, ದ್ರಾಕ್ಷಿತೋಟದ ಪಾಠವನ್ನು ಪೂರ್ತಿ ಬರೆದುಕೊಂಡು ಹೋಗಿ ಅಂದೆ. ಅಪ್ಪನ ಜೊತೆ ಅವತ್ತೇ ಜಗಳ ಆಡುವ ಆಸೆ ಇತ್ತು ಅವರಿಗೆ. ಸ್ವಲ್ಪ ತಡೆಯಿರಿ, ಅಪ್ಪನಿಂದ ನಿಮಗೆ ಏನು ಬೇಕು ಅಂತ ಮೊದಲು ಬರೆದು ನೋಡಿ ಅಂದೆ.

ಎರಡು ತಿಂಗಳಾದ ಮೇಲೆ ಬಂದರು. ಪ್ರಿನ್ಸಿಪಾಲರು ಕಾಲಂ ತೆಗೆದಿಲ್ಲ, ಆದರೆ ವಾಕ್ಯದ ಜಾಗದಲ್ಲಿ ಪ್ರಶ್ನೆ ಬರೆಯಬಹುದು ಅಂದಿದ್ದಾರೆ. ಹುಡುಗಿಗೆ ಎಂಟು ಬಂತು. ಉಳಿದ ಎರಡು ಯಾಕೆ ಹೋಯಿತು ಅಂತ ಕೇಳಿಕೊಂಡು ಬಂದಳಂತೆ, ಇಬ್ಬರೂ ಅರ್ಧ ಗಂಟೆ ವಾದ ಮಾಡಿದರಂತೆ. ಭಾನುವಾರದ ಸಂಕಟ ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ. ಅಪ್ಪನಿಂದ ಏನು ಬೇಕು ಅಂತ ಬರೆಯಲು ಕೂತರೆ ಆಗ ಬಾಗಿಲಿಗೆ ಬರುತ್ತಿದ್ದ ಕೆಲಸದವರ ಹೆಸರುಗಳೇ ಬರುತ್ತಿವೆಯಂತೆ. ಇಲ್ಲಿಯವರೆಗೆ ಏಳು ಹೆಸರು ನೆನಪಾಗಿವೆ.